ಹದಿಹರೆಯದಲ್ಲಿ ಡರ್ಮಟೋಮಯೋಸೈಟಿಸ್: ಚಿಕಿತ್ಸೆಯ ದಾರಿ, ಹಂತ ಹಂತವಾಗಿ

ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳುವುದು. ತಲೆ ಬಾಚಲು ಎತ್ತಿದ ಕೈ ಅರ್ಧದಲ್ಲೇ ಸೋತು ಇಳಿಯುವುದು. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಮೇಲೆ ಬರುವುದು. ಹದಿಮೂರು ಹದಿನಾಲ್ಕರ ಹುಡುಗಿ ಹೀಗೆ ಮಾಡತೊಡಗಿದರೆ ಸುತ್ತಲಿನವರು ಮೊದಲು ಹೇಳುವುದು ಸೋಮಾರಿತನ ಅಂತ. ಅದೇ ಹೊತ್ತಿಗೆ ಕಣ್ಣಿನ ಮೇಲ್ರೆಪ್ಪೆಗೆ ನೇರಳೆ ಛಾಯೆ ಬಂದಿರುತ್ತದೆ, ಬೆರಳ ಗೆಣ್ಣುಗಳ ಮೇಲೆ ಒರಟು ಗುಳ್ಳೆ ಎದ್ದಿರುತ್ತವೆ. ಕಪ್ಪು ಮೈಬಣ್ಣದಲ್ಲಿ ಈ ಕೆಂಪು, ನೇರಳೆ ಸುಲಭವಾಗಿ ಕಾಣುವುದಿಲ್ಲ, ಬರೀ ಕಪ್ಪು ಕಲೆಯ ಹಾಗಿರುತ್ತದೆ. ಅದನ್ನು ಅಲರ್ಜಿ ಅಂತ ಬೇರೆ ಡಾಕ್ಟರಿಗೆ ತೋರಿಸಿರುತ್ತಾರೆ. ಸುಸ್ತಿಗೆ ಒಬ್ಬರು, ಚರ್ಮಕ್ಕೆ ಇನ್ನೊಬ್ಬರು. ಎರಡನ್ನೂ ಜೊತೆಗಿಟ್ಟು ನೋಡಿದವರಿಗೆ ಮಾತ್ರ ಕಾಯಿಲೆ ಹೊಳೆಯುತ್ತದೆ: ಜುವೆನೈಲ್ ಡರ್ಮಟೋಮಯೋಸೈಟಿಸ್. ಡಾಕ್ಟರುಗಳು ಚಿಕ್ಕದಾಗಿ ಜೆಡಿಎಂ ಅನ್ನುತ್ತಾರೆ.

ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ರಕ್ತನಾಳ, ಸ್ನಾಯು, ಚರ್ಮದ ಮೇಲೆ ತಿರುಗಿಬೀಳುವ ಕಾಯಿಲೆ ಇದು. 10 ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 2ರಿಂದ 4 ಮಂದಿಗೆ ಬರುತ್ತದೆ, ಹುಡುಗಿಯರಲ್ಲಿ ಜಾಸ್ತಿ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧಿ ಬರುವ ಮುಂಚೆ ಈ ಕಾಯಿಲೆ ಬಂದ ಮಕ್ಕಳಲ್ಲಿ ಮೂರನೇ ಒಂದು ಭಾಗದಷ್ಟು ಉಳಿಯುತ್ತಿರಲಿಲ್ಲ. ಈಗ ಸಾವು ಅಪರೂಪ. ಇದು ಯಾರಿಂದಲೋ ಅಂಟಿದ್ದಲ್ಲ. ಇನ್ನೊಂದು ಮಾತು: ದೊಡ್ಡವರಲ್ಲಿ ಡರ್ಮಟೋಮಯೋಸೈಟಿಸ್‌ಗೆ ಕ್ಯಾನ್ಸರ್ ನಂಟಿರುತ್ತದೆ, ಮಕ್ಕಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ರಾತ್ರಿ ಎದ್ದು ಕೂತು ಇಂಟರ್ನೆಟ್ ಹುಡುಕಿ ಹೆದರುವ ಅಪ್ಪ ಅಮ್ಮಂದಿರು ಓದುತ್ತಿರುವುದು ಹೆಚ್ಚಾಗಿ ದೊಡ್ಡವರ ಕಾಯಿಲೆಯ ಬಗ್ಗೆ.

ಚಿಕಿತ್ಸೆ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ವರ್ಷಗಟ್ಟಲೆ ಎಳೆಯುತ್ತದೆ. ಐದು ವರ್ಷದ ಮಗುವಿಗೆ ಮಾತ್ರೆ ನುಂಗಿಸಿದರೆ ಕೆಲಸ ಮುಗಿಯಿತು. ಹದಿನಾಲ್ಕರ ಹುಡುಗಿಗೆ ಹಾಗಲ್ಲ. ಅವಳು ಒಪ್ಪದಿದ್ದರೆ ಎಷ್ಟು ಒಳ್ಳೆಯ ಔಷಧಿಯೂ ಡಬ್ಬದಲ್ಲೇ ಉಳಿಯುತ್ತದೆ. ನನ್ನ ಕೇಳಿದರೆ ಈ ವಯಸ್ಸಿನ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಅದೇ.

ಕೆಳಗೆ ಬರುವ ಡೋಸ್‌ಗಳು ಡಾಕ್ಟರ್ ಏನು ಬರೆಯುತ್ತಿದ್ದಾರೆ ಅಂತ ಅರ್ಥ ಮಾಡಿಕೊಳ್ಳಲಿಕ್ಕೆ ಮಾತ್ರ. ಅವನ್ನು ನಿರ್ಧರಿಸುವುದು ನಿಮ್ಮ ಮಗುವನ್ನು ನೋಡುವ ಡಾಕ್ಟರ್.

ಹಂತ 1: ಸರಿಯಾದ ಡಾಕ್ಟರ್, ಮೊದಲ ಅಳತೆ

ಹುಡುಕಬೇಕಾದವರು ಮಕ್ಕಳ ರುಮಟಾಲಜಿಸ್ಟ್, ಅಂದರೆ ಕೀಲು, ಸ್ನಾಯುಗಳ ಇಂಥ ಕಾಯಿಲೆಗಳ ತಜ್ಞ. ಹತ್ತಿರದಲ್ಲಿ ಇಲ್ಲದಿದ್ದರೆ ಮೂರು ನಾಲ್ಕು ತಿಂಗಳಿಗೊಮ್ಮೆ ದೂರದ ತಜ್ಞರನ್ನು ಕಂಡು, ನಡುವಿನ ತಪಾಸಣೆಯನ್ನು ಊರಿನ ಮಕ್ಕಳ ಡಾಕ್ಟರ್ ಹತ್ತಿರ ಮಾಡಿಸುವ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಇಬ್ಬರ ಕೈಯಲ್ಲೂ ಒಂದೇ ಫೈಲ್ ಇರಬೇಕು, ಅಷ್ಟೇ.

ರಕ್ತದಲ್ಲಿ ಸ್ನಾಯುವಿನ ಕಿಣ್ವಗಳನ್ನು ನೋಡುತ್ತಾರೆ: ಸಿಕೆ, ಎಲ್‌ಡಿಎಚ್, ಆಲ್ಡೊಲೇಸ್, ಎಎಸ್‌ಟಿ, ಎಎಲ್‌ಟಿ. ಕೊನೆಯ ಎರಡು ಲಿವರ್ ರಿಪೋರ್ಟಿನಲ್ಲೂ ಬರುತ್ತವಲ್ಲ, ಅದರಿಂದ ಗೊಂದಲ. ಸ್ನಾಯು ಹಾಳಾದರೂ ಅವು ಏರುತ್ತವೆ. ಸಿಕೆ ನೋಡದೆ ಲಿವರ್ ತೊಂದರೆ ಅಂದುಕೊಂಡು ವಾರಗಟ್ಟಲೆ ಅಲೆದ ಮಕ್ಕಳಿದ್ದಾರೆ. ಉಲ್ಟಾ ಕೂಡ ಆಗುತ್ತದೆ: ಸಿಕೆ ನಾರ್ಮಲ್ ಇದ್ದೂ ಕಾಯಿಲೆ ಇರಬಹುದು. ಆಗ ತೊಡೆಯ ಎಂಆರ್‌ಐ ಸಹಾಯಕ್ಕೆ ಬರುತ್ತದೆ, ಉರಿಯೂತ ಇರುವ ಸ್ನಾಯು ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ. ಎಂಆರ್‌ಐ ಸ್ಪಷ್ಟವಾಗಿದ್ದು ಚರ್ಮದ ಗುರುತೂ ಇದ್ದರೆ ಸ್ನಾಯುವಿನ ತುಣುಕು ತೆಗೆಯುವ ಬಯಾಪ್ಸಿ ಎಷ್ಟೋ ಸಲ ಬೇಕಾಗುವುದಿಲ್ಲ.

ಮಯೋಸೈಟಿಸ್ (ಸ್ನಾಯುವಿನ ಉರಿಯೂತ) ಆಂಟಿಬಾಡಿ ಪರೀಕ್ಷೆ ಬರೆದರೆ ಮಾಡಿಸಿ. ಕಾಯಿಲೆ ಯಾವ ಕಡೆ ಹೋಗಬಹುದು ಅನ್ನುವ ಸುಳಿವು ಅದರಲ್ಲಿರುತ್ತದೆ. ಎಂಡಿಎ5 ಅನ್ನುವ ಆಂಟಿಬಾಡಿ ಬಂದರೆ ಶ್ವಾಸಕೋಶದ ಮೇಲೆ ಕಣ್ಣಿಡಬೇಕು. ಎನ್‌ಎಕ್ಸ್‌ಪಿ2 ಬಂದರೆ ಚರ್ಮದ ಕೆಳಗೆ ಕ್ಯಾಲ್ಸಿಯಂ ಗಟ್ಟಿಯಾಗುವ ಸಂಭವ ಜಾಸ್ತಿ. ಟಿಐಎಫ್1 ಗಾಮಾ ಮಕ್ಕಳಲ್ಲಿ ಹೆಚ್ಚಾಗಿ ಕಾಣುವಂಥದ್ದು, ಅದರಲ್ಲಿ ಚರ್ಮದ ಕಾಟ ಬೇಗ ಬಿಡುವುದಿಲ್ಲ.

ಇನ್ನೊಂದು ಅಳತೆಗೆ ಸೂಜಿಯೇ ಬೇಡ. ಸಿಎಂಎಎಸ್ ಅನ್ನುವ ಸ್ನಾಯುಬಲದ ಪರೀಕ್ಷೆಯಲ್ಲಿ 14 ಕೆಲಸ ಮಾಡಿಸಿ 52ಕ್ಕೆ ಅಂಕ ಕೊಡುತ್ತಾರೆ. ಅದರಲ್ಲಿ ಮೊದಲನೆಯದು ಅಂಗಾತ ಮಲಗಿ ತಲೆ ಎತ್ತಿ ಹಿಡಿಯುವುದು. ಪೂರ್ತಿ ಅಂಕಕ್ಕೆ ಎರಡು ನಿಮಿಷ ಹಿಡಿಯಬೇಕು. ಕಾಯಿಲೆ ಜೋರಾಗಿರುವಾಗ ಗಲ್ಲ ಸ್ವಲ್ಪ ಮೇಲೆದ್ದು, ಕತ್ತು ನಡುಗಿ, ಎರಡೇ ಸೆಕೆಂಡಿಗೆ ತಲೆ ದಿಂಬಿಗೆ ಬೀಳುತ್ತದೆ. ಇದನ್ನು ಮನೆಯಲ್ಲಿ ತಿಂಗಳಿಗೊಮ್ಮೆ ಫೋನಿನಲ್ಲಿ ವಿಡಿಯೋ ಮಾಡಿ. ನೆಲದಿಂದ ಏಳುವುದನ್ನೂ ಸೇರಿಸಿ. ವಿಡಿಯೋ ಅವಳ ಫೋನಿನಲ್ಲೇ ಇರಲಿ, ಯಾರಿಗೆ ತೋರಿಸಬೇಕು ಅನ್ನುವುದೂ ಅವಳಿಗೇ ಬಿಟ್ಟದ್ದು. ಮೂರು ತಿಂಗಳ ನಂತರ ಹಳೆಯದನ್ನು ಅವಳೇ ತೆಗೆದು ನೋಡಿದಾಗ ಔಷಧಿಯ ಬಗ್ಗೆ ನೀವು ಹೇಳುವ ಹತ್ತು ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಹಂತ 2: ಯಾವಾಗ ತಡ ಮಾಡಬಾರದು

ನುಂಗಲು ಕಷ್ಟವಾಗುವುದು, ನೀರು ಕುಡಿದರೆ ಮೂಗಿಗೆ ಬರುವುದು, ದನಿ ಮೂಗಿನಿಂದ ಬಂದ ಹಾಗೆ ಬದಲಾಗುವುದು: ಗಂಟಲಿನ ಸ್ನಾಯು ಸೋತಿದೆ ಅಂತ ಅರ್ಥ. ಆಹಾರ ಶ್ವಾಸನಾಳಕ್ಕೆ ಹೋಗಬಹುದು. ಉಸಿರಾಟದ ತೊಂದರೆ, ಬಿಡದ ಕೆಮ್ಮು ಕೂಡ ಹಾಗೆಯೇ. ಜೋರು ಹೊಟ್ಟೆನೋವು ಅಥವಾ ಮಲದಲ್ಲಿ ರಕ್ತ ಕಂಡರೆ ಕರುಳಿನ ರಕ್ತನಾಳಕ್ಕೆ ಕಾಯಿಲೆ ತಗುಲಿರಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ನೋವು ಇದ್ದದ್ದಕ್ಕಿಂತ ಕಡಿಮೆ ಕಾಣಿಸುತ್ತದೆ, ಅದೇ ಅಪಾಯ. ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಹಂತ 3: ಔಷಧಿ ಶುರು

ಮೊದಲ ಅಸ್ತ್ರ ಸ್ಟೀರಾಯ್ಡ್. ಕಾಯಿಲೆ ಜೋರಾಗಿದ್ದರೆ ಮೀಥೈಲ್ ಪ್ರೆಡ್ನಿಸೋಲೋನನ್ನು ಸಾಮಾನ್ಯವಾಗಿ ಮೂರು ದಿನ ಡ್ರಿಪ್‌ನಲ್ಲಿ ಕೊಡುತ್ತಾರೆ, ತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂ, ಹೆಚ್ಚೆಂದರೆ ದಿನಕ್ಕೆ 1 ಗ್ರಾಂ. ಆಮೇಲೆ ಪ್ರೆಡ್ನಿಸೋಲೋನ್ ಮಾತ್ರೆ, ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ, ಸಾಮಾನ್ಯವಾಗಿ ದಿನಕ್ಕೆ 60 ಮಿಲಿಗ್ರಾಂ ಮೀರದ ಹಾಗೆ. ಅದು ತಿಂಗಳುಗಳಲ್ಲಿ ನಿಧಾನವಾಗಿ ಇಳಿಯುತ್ತದೆ.

ಇದರ ಜೊತೆಗೇ, ಮೊದಲಿನಿಂದಲೇ, ನಿರೋಧಕ ವ್ಯವಸ್ಥೆಯನ್ನು ತಣಿಸುವ ಮೆಥೋಟ್ರೆಕ್ಸೇಟ್. ಈ ಜೋಡಿ ಸುಮ್ನೆ ಬಂದದ್ದಲ್ಲ. 22 ದೇಶಗಳ 139 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಸುಧಾರಿಸಿದವರು ಬರೀ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ 51 ಶೇಕಡ, ಜೊತೆಗೆ ಮೆಥೋಟ್ರೆಕ್ಸೇಟ್ ಪಡೆದವರಲ್ಲಿ 72 ಶೇಕಡ. ಅಂಥದ್ದೇ ಇನ್ನೊಂದು ಔಷಧಿ ಸೈಕ್ಲೋಸ್ಪೊರಿನ್ ಜೊತೆಗೂ ಹೆಚ್ಚುಕಮ್ಮಿ ಅಷ್ಟೇ, 70 ಶೇಕಡ, ಆದರೆ ಅಡ್ಡಪರಿಣಾಮ ಜಾಸ್ತಿ. ಹಾಗಾಗಿ ಮೆಥೋಟ್ರೆಕ್ಸೇಟ್ ಗೆದ್ದಿತು. 'ಮೊದಲೇ ಎರಡೆರಡು ಔಷಧಿ ಯಾಕೆ' ಅಂತ ಮನೆಯ ಹಿರಿಯರು ಕೇಳಿದರೆ ಇದನ್ನೇ ಹೇಳಿ. ಎರಡನೆಯದು ಇದ್ದರೆ ಸ್ಟೀರಾಯ್ಡನ್ನು ಬೇಗ ಇಳಿಸಬಹುದು.

ಮೆಥೋಟ್ರೆಕ್ಸೇಟ್ ಪೂರ್ತಿ ಕೆಲಸಕ್ಕೆ ಇಳಿಯಲು ಎರಡು ಮೂರು ತಿಂಗಳು ಬೇಕು. 'ತಗೊಂಡು ಒಂದು ತಿಂಗಳಾಯ್ತು, ಏನೂ ಆಗಿಲ್ಲ' ಅನ್ನುವುದು ತುಂಬಾ ಬೇಗ ಕೊಟ್ಟ ತೀರ್ಪು.

ಹಂತ 4: ಮೆಥೋಟ್ರೆಕ್ಸೇಟ್‌ನ ವಾರ

ಇದು ವಾರಕ್ಕೆ ಒಂದೇ ದಿನದ ಔಷಧಿ. ತಪ್ಪಿ ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಸಂಚಕಾರ. ಚೀಟಿಯ ಮೇಲೆ, ಡಬ್ಬದ ಮೇಲೆ, ಕ್ಯಾಲೆಂಡರಿನಲ್ಲಿ ಸೋಮವಾರ, ಮಂಗಳವಾರ ಅಂತ ಆ ದಿನದ ಹೆಸರನ್ನೇ ಬರೆಯಿರಿ. ಉಳಿದ ಮಾತ್ರೆಗಳ ಜೊತೆ ಇಡಬೇಡಿ. ಒಂದು ವಾರ ಮರೆತರೆ ಮುಂದಿನ ವಾರ ಎರಡು ಡೋಸ್ ಬೇಡ, ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಸಾಮಾನ್ಯ ಡೋಸ್ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 15 ಮಿಲಿಗ್ರಾಂ. ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ ಹೊಟ್ಟೆಯ ಮೂಲಕ ಹೋಗುವ ಮಾತ್ರೆಗಿಂತ ನಂಬಿಕೆಯದು. ತೊಡೆಗೆ ಅಥವಾ ಹೊಟ್ಟೆಗೆ ಚುಚ್ಚುವುದನ್ನು ನರ್ಸ್ ಕಲಿಸುತ್ತಾರೆ. ಹದಿಹರೆಯದವರು ತಾವೇ ಕಲಿತು ಚುಚ್ಚಿಕೊಳ್ಳಬಹುದು, ಎಷ್ಟೋ ಮಂದಿಗೆ ಅಮ್ಮ ಚುಚ್ಚುವುದಕ್ಕಿಂತ ಅದೇ ಇಷ್ಟ.

ದೊಡ್ಡ ಕಾಟ ಅಂದರೆ ವಾಕರಿಕೆ. ಮೊದಮೊದಲು ಇಂಜೆಕ್ಷನ್ ಆದ ಮೇಲೆ ಬರುತ್ತದೆ. ಕೆಲವು ತಿಂಗಳಾದ ಮೇಲೆ ಕೆಲವರಿಗೆ ಇಂಜೆಕ್ಷನ್‌ಗೆ ಮುಂಚೆಯೇ ಶುರುವಾಗುತ್ತದೆ. ಔಷಧಿಯ ಬಣ್ಣ ಹಳದಿ. ಸಿರಿಂಜಿನ ಆ ಹಳದಿ ಕಂಡರೆ, ಸ್ಪಿರಿಟ್ ಹತ್ತಿಯ ವಾಸನೆ ಬಂದರೆ, ಕೊನೆಗೆ ಆ ದಿನದ ಹೆಸರು ಕೇಳಿದರೂ ಹೊಟ್ಟೆ ತೊಳಸುತ್ತದೆ. ಇದು ನಾಟಕ ಅಲ್ಲ, ಮೆದುಳು ನಿಜವಾಗಿ ಕಲಿತುಬಿಟ್ಟ ಪಾಠ. ಬೈದರೆ ಇನ್ನೂ ಗಟ್ಟಿಯಾಗುತ್ತದೆ. ಶುರುವಾದ ಕೂಡಲೇ ಡಾಕ್ಟರಿಗೆ ಹೇಳಿ. ರಾತ್ರಿ ಮಲಗುವ ಮುಂಚೆ ಕೊಡುವುದು, ಅರ್ಧ ಗಂಟೆ ಮೊದಲು ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಮಾತ್ರೆ, ಸಿರಿಂಜಿಗೆ ಕಾಗದ ಸುತ್ತಿ ಬಣ್ಣ ಮರೆಸುವುದು, ಪ್ರತಿ ಸಲವೂ ಜಾಗ ಬದಲಿಸುವುದು, ಹೀಗೆ ಹಲವು ದಾರಿಗಳಿವೆ. ತುಂಬಾ ಕಷ್ಟವಾದರೆ ಬೇರೆ ಔಷಧಿಗೆ ಹೋಗಬಹುದು. ಸದ್ದಿಲ್ಲದೆ ಕಸದ ಬುಟ್ಟಿಗೆ ಹೋಗುವ ಇಂಜೆಕ್ಷನ್‌ಗಿಂತ ಅದು ಎಷ್ಟೋ ಮೇಲು.

ಫೋಲಿಕ್ ಆಸಿಡ್ ಮಾತ್ರೆಯನ್ನು ಡಾಕ್ಟರ್ ಹೇಳಿದ ದಿನ ಮರೆಯದೆ ಕೊಡಿ, ಬಾಯಿ ಹುಣ್ಣು ಕಡಿಮೆಯಾಗುತ್ತದೆ. ರಕ್ತಕಣ ಮತ್ತು ಲಿವರ್ ಪರೀಕ್ಷೆ ಮೊದಲು ಪದೇ ಪದೇ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಟ್ರೈಮೆಥೋಪ್ರಿಮ್ ಇರುವ ಆಂಟಿಬಯಾಟಿಕ್ ಜೊತೆ ಇದು ಸೇರಿದರೆ ರಕ್ತಕಣ ಕುಸಿಯಬಹುದು. ಆದ್ದರಿಂದ ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲ ವಾಕ್ಯದಲ್ಲೇ 'ಮೆಥೋಟ್ರೆಕ್ಸೇಟ್ ತಗೋತಿದ್ದಾಳೆ' ಅಂತ ಹೇಳಿ.

ಹೆತ್ತವರು ಹೇಳಲು ಹಿಂಜರಿಯುವ ಎರಡು ಸಂಗತಿ. ಮದ್ಯ ಮತ್ತು ಮೆಥೋಟ್ರೆಕ್ಸೇಟ್ ಎರಡೂ ಲಿವರಿಗೆ ಹೊರೆ. ಗರ್ಭ ನಿಂತರೆ ಈ ಔಷಧಿ ಶಿಶುವಿಗೆ ತೀವ್ರ ಹಾನಿ ಮಾಡುತ್ತದೆ. 'ನಮ್ಮ ಹುಡುಗಿಗೆ ಅದೆಲ್ಲ ಯಾಕೆ' ಅನ್ನಬೇಡಿ. ಡಾಕ್ಟರ್ ಈ ವಿಷಯವನ್ನು ಅವಳ ಹತ್ತಿರ ಒಬ್ಬಳೇ ಇದ್ದಾಗ ಮಾತಾಡಲಿ, ನೀವು ಹೊರಗೆ ಕೂತಿರಿ.

ಹಂತ 5: ಸ್ಟೀರಾಯ್ಡ್ ಮತ್ತು ಕನ್ನಡಿ

ಸ್ಟೀರಾಯ್ಡ್ ಕೆಲಸ ಬೇಗ ಕಾಣುತ್ತದೆ. ಅದರ ಬೆಲೆಯೂ ಅಷ್ಟೇ ಬೇಗ ಕಾಣುತ್ತದೆ. ಕೆಲವೇ ವಾರಗಳಲ್ಲಿ ಕೆನ್ನೆ ಉಬ್ಬುತ್ತದೆ, ಹಸಿವು ವಿಪರೀತ, ಮೊಡವೆ, ತೊಡೆಯ ಮೇಲೆ ಗೆರೆ, ಮುಖದಲ್ಲಿ ಸಣ್ಣ ಕೂದಲು, ರಾತ್ರಿ ನಿದ್ದೆ ಇಲ್ಲ, ಕಾರಣವಿಲ್ಲದ ಸಿಟ್ಟು, ಅಳು. ಡಾಕ್ಟರಿಗೆ ಇದು ನಿರೀಕ್ಷಿತ ಅಡ್ಡಪರಿಣಾಮ. ಹದಿನಾಲ್ಕರ ಹುಡುಗಿಗೆ ಕಾಯಿಲೆಗಿಂತ ಇದೇ ದೊಡ್ಡದು. ಗುಟ್ಟಾಗಿ ಮಾತ್ರೆ ಬಿಡುವುದು ಶುರುವಾಗುವುದೂ ಇಲ್ಲೇ.

ಅದಕ್ಕೇ ಮೊದಲ ಮಾತ್ರೆಗೆ ಮುಂಚೆಯೇ ಅವಳಿಗೆ ಎಲ್ಲವನ್ನೂ ಹೇಳಿಬಿಡಿ. ಮುಖ ಬದಲಾಗುತ್ತದೆ, ಡೋಸ್ ಇಳಿದಂತೆ ಮತ್ತೆ ಮೊದಲಿನ ಹಾಗಾಗುತ್ತದೆ, ಗೆರೆಗಳು ಮಸುಕಾಗುತ್ತವೆ, ಪೂರ್ತಿ ಹೋಗದಿರಬಹುದು. ಸುಳ್ಳು ಸಮಾಧಾನ ಬೇಡ. 'ಏನೂ ಬದಲಾಗಿಲ್ಲ, ಚೆನ್ನಾಗೇ ಇದ್ದೀಯ' ಅಂದರೆ ಅವಳು ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಮೊಡವೆಗೆ ಚರ್ಮದ ಡಾಕ್ಟರ್ ಹತ್ತಿರ ಚಿಕಿತ್ಸೆ ಇದೆ, ಅದನ್ನು ಶೋಕಿ ಅಂತ ತಳ್ಳಿಹಾಕಬೇಡಿ. ಫೋಟೋ ತೆಗೆಸಿಕೊಳ್ಳಲು ಇಷ್ಟವಿಲ್ಲ ಅಂದರೆ ಒತ್ತಾಯ ಮಾಡಬೇಡಿ, ನೆಂಟರಿಗೂ ಮೊದಲೇ ಹೇಳಿಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಬಾರದು. ಕಾರಣ ಅವಳಿಗೆ ಗೊತ್ತಿರಬೇಕು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಕೆಲಸ ನಿಲ್ಲಿಸಿರುತ್ತವೆ. ಏಕಾಏಕಿ ಬಿಟ್ಟರೆ ಬಿಪಿ, ಸಕ್ಕರೆ ಕುಸಿದು ಪ್ರಾಣಾಪಾಯವಾಗಬಹುದು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೂ ಇದೇ ತುರ್ತು. ಜೋರು ಜ್ವರ, ಆಪರೇಷನ್ ಇದ್ದಾಗ ಡೋಸ್ ಹೆಚ್ಚಿಸಬೇಕಾಗಬಹುದು. ಅದು ಎಷ್ಟು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. 'ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೇನೆ' ಅನ್ನುವ ಚೀಟಿ ಅವಳ ಬ್ಯಾಗಿನಲ್ಲಿ ಯಾವಾಗಲೂ ಇರಲಿ.

ಮಾತ್ರೆ ಬೆಳಗ್ಗೆ, ತಿಂಡಿಯ ಜೊತೆ. ಉಪ್ಪು, ಸಕ್ಕರೆ ಕಡಿಮೆ. ಕ್ಯಾಲ್ಸಿಯಂ, ವಿಟಮಿನ್ ಡಿ ಹೇಳಿದಷ್ಟು. ಬಿಪಿ, ಎತ್ತರ, ಸಕ್ಕರೆ, ಕಣ್ಣಿನ ತಪಾಸಣೆ ನಡೆಯುತ್ತಿರಲಿ. ಸೊಂಟದ ಕೀಲಿನಲ್ಲಿ ನೋವು ಬಂದು ಕುಂಟತೊಡಗಿದರೆ ಹೇಳಲು ತಡ ಮಾಡಬೇಡಿ, ಸ್ಟೀರಾಯ್ಡ್‌ನಿಂದ ಅಲ್ಲಿನ ಮೂಳೆಗೆ ರಕ್ತ ಸಂಚಾರ ಕೆಡುವುದುಂಟು.

ಹಂತ 6: ಕೀಲಿಕೈ ಅವಳ ಕೈಗೆ

ಡಾಕ್ಟರ್ 'ಹೇಗಿದೀಯಮ್ಮ' ಅಂತ ಕೇಳಿದಾಗ ಉತ್ತರ ಅವಳಿಂದ ಬರಬೇಕು. ನಮ್ಮಲ್ಲಿ ಹೆತ್ತವರು ಬಾಯಿ ಹಾಕದೆ ಇರುವುದು ಕಷ್ಟ, ಗೊತ್ತು. ಆದರೂ ಐದು ನಿಮಿಷ ಸುಮ್ಮನಿರಿ. ಹೋಗುವ ಮುಂಚೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಅವಳೇ ಫೋನಿನಲ್ಲಿ ಬರೆದುಕೊಳ್ಳಲಿ. ದಿನದ ಮಾತ್ರೆಗಳನ್ನು ವಾರಕ್ಕಾಗುವಷ್ಟು ಡಬ್ಬಕ್ಕೆ ತುಂಬುವ ಕೆಲಸವೂ ಅವಳದು (ಮೆಥೋಟ್ರೆಕ್ಸೇಟ್ ಅದರಲ್ಲಿ ಬೇಡ), ನೀವು ಒಮ್ಮೆ ಕಣ್ಣಾಡಿಸಿದರೆ ಸಾಕು.

ಮಾತ್ರೆ ಬಿಟ್ಟಿರುವುದು ತಿಳಿದರೆ ಕೂಗಾಡಬೇಡಿ. ಕೇಳಬೇಕಾದ ಪ್ರಶ್ನೆ 'ಯಾಕೆ ಬಿಟ್ಟೆ' ಅಲ್ಲ, 'ಯಾವುದು ತಗೊಳ್ಳೋಕೆ ಕಷ್ಟ ಆಗ್ತಿದೆ'. ಇದನ್ನು ಡಾಕ್ಟರಿಗೂ ಹೇಳಲೇಬೇಕು. ಹೇಳದಿದ್ದರೆ ಔಷಧಿ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಅವರು ಇನ್ನೂ ಜೋರಿನ ಔಷಧಿಗೆ ಹೋಗುತ್ತಾರೆ. ಬೇಸರ ವಾರಗಟ್ಟಲೆ ಉಳಿದರೆ, ಊಟ ನಿದ್ದೆ ಬಿಟ್ಟರೆ, ಬದುಕಿರುವುದೇ ಬೇಡ ಅನ್ನುವ ಮಾತು ಬಂದರೆ ಅದೂ ಚಿಕಿತ್ಸೆಯ ಭಾಗವೇ, ತಕ್ಷಣ ಡಾಕ್ಟರಿಗೆ ತಿಳಿಸಿ. ಸ್ಟೀರಾಯ್ಡ್ ಕೂಡ ಮನಸ್ಸನ್ನು ಕೆಡಿಸುತ್ತದೆ.

ಶಾಲೆಗೆ ಡಾಕ್ಟರ್ ಪತ್ರ ಕೊಡಿ. ಕೆಳಗಿನ ಮಹಡಿಯ ತರಗತಿ ಅಥವಾ ಲಿಫ್ಟ್, ಹಗುರ ಬ್ಯಾಗು, ಬರೆಯಲು ಹೆಚ್ಚು ಸಮಯ, ಬಿಸಿಲಿನಲ್ಲಿ ನಿಲ್ಲಿಸದಿರುವುದು, ಇಷ್ಟು ಕೇಳಿ. ತರಗತಿಯಲ್ಲಿ ಯಾರಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಅವಳು ನಿರ್ಧರಿಸಲಿ.

ಹಂತ 7: ಬಿಸಿಲು

ಅಲ್ಟ್ರಾವಯಲೆಟ್ ಕಿರಣ ಬಿದ್ದರೆ ಚರ್ಮವಷ್ಟೇ ಅಲ್ಲ, ಸ್ನಾಯುವಿನ ಕಾಯಿಲೆಯೂ ಕೆರಳಬಹುದು. ಎಸ್‌ಪಿಎಫ್ 30 ಅಥವಾ ಮೇಲಿನ, ಯುವಿಎ ಕೂಡ ತಡೆಯುವ ಸನ್‌ಸ್ಕ್ರೀನ್ ದಿನಾ ಹಚ್ಚಬೇಕು, ಮೋಡ ಇದ್ದರೂ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಿವಿ, ಕತ್ತಿನ ಹಿಂಭಾಗ, ಕೈಬೆರಳುಗಳನ್ನು ಎಲ್ಲರೂ ಮರೆಯುತ್ತಾರೆ. ಕಿಟಕಿಯ ಗಾಜು ಯುವಿಎ ಕಿರಣವನ್ನು ಪೂರ್ತಿ ತಡೆಯುವುದಿಲ್ಲ, ಆದ್ದರಿಂದ ತರಗತಿಯಲ್ಲಿ ಕಿಟಕಿ ಪಕ್ಕದ ಜಾಗ ಬೇಡ. ತುಂಬು ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ ಸನ್‌ಸ್ಕ್ರೀನ್‌ಗಿಂತ ಹೆಚ್ಚು ನಂಬಬಹುದಾದವು.

ಹಂತ 8: ವ್ಯಾಯಾಮ

'ಸ್ನಾಯುವಿಗೆ ವಿಶ್ರಾಂತಿ ಬೇಕು' ಅನ್ನುವ ಸಲಹೆ ಹಳೆಯದು. ಮೇಲ್ವಿಚಾರಣೆಯಲ್ಲಿ ಮಾಡಿದ ವ್ಯಾಯಾಮ ಕಾಯಿಲೆಯನ್ನು ಹೆಚ್ಚಿಸುವುದಿಲ್ಲ, ಶಕ್ತಿ ತರುತ್ತದೆ. ಮೊದಲ ವಾರಗಳಲ್ಲಿ ಕೀಲುಗಳು ಬಿಗಿಯಾಗದಂತೆ ಹಿಗ್ಗಿಸುವುದು, ಆಮೇಲೆ ನಿಧಾನವಾಗಿ ಬಲ ತುಂಬುವುದು. ಫಿಸಿಯೋಥೆರಪಿಸ್ಟ್ ಇಲ್ಲದೆ ಶುರು ಮಾಡಬೇಡಿ. ಮೊದಲಿನ ಆಟಕ್ಕೆ ಮರಳುವ ಆಸೆ ಅವಳಿಗಿದ್ದರೆ ಅದನ್ನೇ ಗುರಿಯಾಗಿ ಇಟ್ಟುಕೊಳ್ಳಿ, ಬರೀ 'ವ್ಯಾಯಾಮ ಮಾಡು' ಅಂದರೆ ಯಾವ ಹದಿಹರೆಯದವರು ಮಾಡುತ್ತಾರೆ ಹೇಳಿ?

ಹಂತ 9: ಲಸಿಕೆ, ಸೋಂಕು, 'ಶಕ್ತಿ ಹೆಚ್ಚಿಸುವ' ಪುಡಿಗಳು

ಜೀವಂತ ವೈರಸ್ ಇರುವ ಲಸಿಕೆಗಳನ್ನು (ದಡಾರ, ಚಿಕನ್‌ಪಾಕ್ಸ್ ಅಂದರೆ ಸೀತಾಳೆ ಸಿಡುಬು, ಬಾಯಿಗೆ ಹಾಕುವ ಪೋಲಿಯೋ) ತಜ್ಞರನ್ನು ಕೇಳದೆ ಹಾಕಿಸಬೇಡಿ. ಫ್ಲೂ ಇಂಜೆಕ್ಷನ್, ನ್ಯುಮೋಕಾಕಲ್, ಎಚ್‌ಪಿವಿಯಂಥ ನಿರ್ಜೀವ ಲಸಿಕೆಗಳನ್ನು ಹಾಕಿಸಬಹುದು, ಹಾಕಿಸಬೇಕು. ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಗುಳ್ಳೆ ಏಳುವ ಮುಂಚೆ ಕೊಡಬಹುದಾದ ರಕ್ಷಣೆ ಇದೆ. ಜ್ವರ ಬಂದರೂ ಹಾಗೆಯೇ, ಮನೆಯಲ್ಲಿ ಎರಡು ದಿನ ನೋಡೋಣ ಅನ್ನಬೇಡಿ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಅನ್ನುವ ಪುಡಿ, ಲೇಹ್ಯ, ಗಿಡಮೂಲಿಕೆಗಳನ್ನು ಪ್ರೀತಿಯಿಂದಲೇ ತಂದುಕೊಡುವವರು ಇರುತ್ತಾರೆ. ಈ ಕಾಯಿಲೆಯಲ್ಲಿ ನಿರೋಧಕ ವ್ಯವಸ್ಥೆ ದುರ್ಬಲವಾಗಿ ತೊಂದರೆ ಆಗಿದ್ದಲ್ಲ, ಅತಿಯಾಗಿ ಕೆರಳಿ ಆದದ್ದು. ಅದನ್ನು ತಣಿಸಲು ದುಡ್ಡು ಸುರಿಯುತ್ತಾ, ಇನ್ನೊಂದು ಕೈಯಲ್ಲಿ ಕೆರಳಿಸುವುದು ಯಾಕೆ? ಕೆಲವು ಲಿವರಿಗೂ ಏಟು ಕೊಡುತ್ತವೆ.

ಹಂತ 10: ಮೊದಲ ಔಷಧಿ ಸಾಲದಿದ್ದರೆ

ಕೆಲವರಿಗೆ ಸಾಲುವುದಿಲ್ಲ, ಅದು ಯಾರ ತಪ್ಪೂ ಅಲ್ಲ. ಮುಂದಿನ ಸಾಲಿನಲ್ಲಿ ಐವಿಐಜಿ ಇದೆ: ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. ನಿರೋಧಕ ವ್ಯವಸ್ಥೆಯನ್ನು ತಣಿಸುವ ಮೈಕೋಫಿನೊಲೇಟ್, ಸೈಕ್ಲೋಸ್ಪೊರಿನ್, ರಿಟುಕ್ಸಿಮ್ಯಾಬ್ ಇವೆ. ಜೀವಕ್ಕೆ ಅಪಾಯವಿರುವಾಗ ಸೈಕ್ಲೋಫಾಸ್ಫಮೈಡ್. ಟೋಫಾಸಿಟಿನಿಬ್, ಬ್ಯಾರಿಸಿಟಿನಿಬ್‌ನಂಥ ಜೆಎಕೆ ತಡೆ ಔಷಧಿಗಳು (ನಿರೋಧಕ ಕಣಗಳನ್ನು ಕೆರಳಿಸುವ ಸಂಕೇತ ತಡೆಯುವಂಥವು) ಹೊಸವು, ಹಟಮಾರಿ ಚರ್ಮದ ಕಾಯಿಲೆಯಲ್ಲಿ ಭರವಸೆ ತೋರಿಸಿವೆ. ಚರ್ಮಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸಿದರೆ ಕಣ್ಣಿನ ತಪಾಸಣೆ ತಪ್ಪಿಸಬೇಡಿ.

ಮೊಣಕೈ, ಮೊಣಕಾಲು, ಪೃಷ್ಠದ ಚರ್ಮದ ಕೆಳಗೆ ಕಲ್ಲಿನಂಥ ಗಂಟು ಸಿಕ್ಕರೆ, ಅದರಿಂದ ಸುಣ್ಣದಂಥ ಬಿಳಿ ದ್ರವ ಬಂದರೆ ಅದು ಕ್ಯಾಲ್ಸಿನೋಸಿಸ್. ಕಾಯಿಲೆಗೆ ಚಿಕಿತ್ಸೆ ತಡವಾದಷ್ಟೂ, ಅದು ಹತೋಟಿಗೆ ಬಾರದಷ್ಟೂ ಇದರ ಸಂಭವ ಹೆಚ್ಚು. ಹಿಚುಕಬೇಡಿ, ಸೋಂಕಾಗುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದರೆ ಇದು ಹೋಗುವುದಿಲ್ಲ, ಮೂಳೆ ಮಾತ್ರ ಸೊರಗುತ್ತದೆ.

ಹಂತ 11: ಇಳಿಸುವುದು, ನಿಲ್ಲಿಸುವುದು, ದೊಡ್ಡವರ ಡಾಕ್ಟರಿಗೆ ಹೋಗುವುದು

ಸ್ಟೀರಾಯ್ಡ್ ನಿಂತ ಮೇಲೂ ಮೆಥೋಟ್ರೆಕ್ಸೇಟನ್ನು ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷವಾದರೂ ಮುಂದುವರಿಸುತ್ತಾರೆ. ಹುಡುಗಿ ಓಡಾಡಿಕೊಂಡು ಆರಾಮಾಗಿ ಇರುವಾಗಲೇ ಔಷಧಿ ಬಿಡುವ ಆಸೆ ಜೋರಾಗಿರುತ್ತದೆ, ಅವಳಿಗೂ ನಿಮಗೂ. ಕೆಲವರಿಗೆ ಕಾಯಿಲೆ ಒಂದೇ ಸಲ ಬಂದು ಹೋಗುತ್ತದೆ, ಕೆಲವರಿಗೆ ಮರುಕಳಿಸುತ್ತದೆ, ಕೆಲವರಿಗೆ ವರ್ಷಗಟ್ಟಲೆ ಸಣ್ಣಗೆ ಉರಿಯುತ್ತಲೇ ಇರುತ್ತದೆ. ನಿಲ್ಲಿಸಿದ ಮೇಲೆ ಉಗುರಿನ ಬುಡದ ಚರ್ಮದಲ್ಲಿ ಕೆಂಪು ಎಳೆಗಳು ಮತ್ತೆ ಕಂಡರೆ, ರೆಪ್ಪೆಯ ಬಣ್ಣ ಮರಳಿದರೆ, ತಲೆ ಎತ್ತಿ ಹಿಡಿಯುವ ಸೆಕೆಂಡುಗಳು ಇಳಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಹದಿನೆಂಟರ ಸುಮಾರಿಗೆ ದೊಡ್ಡವರ ರುಮಟಾಲಜಿಸ್ಟ್ ಹತ್ತಿರ ಹೋಗಬೇಕಾಗುತ್ತದೆ. ತಯಾರಿ ಹದಿನಾಲ್ಕಕ್ಕೇ ಶುರುವಾಗಲಿ. ಬೇರೆ ಊರಿಗೆ ಓದಲು ಹೋಗುವುದಿದ್ದರೆ ಹೊರಡುವ ಮುಂಚೆಯೇ ಅಲ್ಲಿಯ ಡಾಕ್ಟರ್ ಯಾರು, ರಕ್ತ ಪರೀಕ್ಷೆ ಎಲ್ಲಿ, ಔಷಧಿ ಎಲ್ಲಿ ಸಿಗುತ್ತದೆ ಅನ್ನುವುದು ಗೊತ್ತಾಗಿರಬೇಕು. ಅವಳ ಹತ್ತಿರ ಒಂದೇ ಪುಟದ ಸಾರಾಂಶ ಇರಲಿ: ಕಾಯಿಲೆ ಗೊತ್ತಾದ ತಿಂಗಳು, ಆಂಟಿಬಾಡಿ ಯಾವುದು, ಯಾವ ಔಷಧಿ ಎಷ್ಟು ದಿನ, ಯಾವುದು ಯಾಕೆ ನಿಂತಿತು, ಹಾಕಿಸಿದ ಲಸಿಕೆಗಳು, ಕೊನೆಯ ಸಿಎಂಎಎಸ್ ಅಂಕ. ಅದನ್ನು ಬರೆಯುವವಳು ಅವಳೇ ಆಗಲಿ, ಮಕ್ಕಳ ಡಾಕ್ಟರ್ ಓದಿ ತಿದ್ದಿಕೊಡುತ್ತಾರೆ.